ಹನ್ನೊಂದು ಮತ್ತು ಹನ್ನೆರಡನೆಯ ಹಾಳೆ

2016ರ ನವೆಂಬರ್ 8, ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಸೆರ್ಮಾನ್ಯಿ ಪಟ್ಟಣದ ಪೊಲೀಸ್ ಠಾಣೆಗೆ ಜಿಲ್ಲಾ ಪತ್ರಾಗಾರದ ನಿರ್ದೇಶಕ ಎತಿಯೆನ್ ಗ್ರಾಮೋಂ ಬಂದು ಒಂದು ಲಿಖಿತ ದೂರು ಕೊಟ್ಟರು. ಸರ್ಕಾರದ ಸ್ವತ್ತಾದ ಎರಡು ಹಾಳೆಗಳು ಕಾಣೆಯಾಗಿವೆ ಎಂಬುದು ದೂರಿನ ಸಾರಾಂಶ. ದೂರು ಮಾತ್ರ ನಾಲ್ಕು ಪುಟ ಇತ್ತು.

ಇನ್‌ಸ್ಪೆಕ್ಟರ್ ಕೊರಿನ್ ಬೊಸ್ಸಾರ್ ಅದನ್ನು ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿತ್ತು.

"ಎರಡು ಹಾಳೆ," ಎಂದಳು.

"ಎರಡು ಹಾಳೆಯೇ. ಆದರೆ ಮೂಲ ಪ್ರತಿ ಮೇಡಂ."

"ಯಾವುದರದ್ದು?"

ಪ್ಯಾರಿಸ್ಸಿನ ಅನಾಥಾಲಯದಿಂದ ಸಾಕಲು ಕಳಿಸಿದ್ದ ಒಂದು ಮಗುವಿನ ಕಡತದ್ದು ಎಂದರು ಗ್ರಾಮೋಂ. ಕೊರಿನ್‌ಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಮೊರ್ವಾಂ ಬೆಟ್ಟದ ಹಳ್ಳಿಗಳಲ್ಲಿ ಅಂಥ ಮಕ್ಕಳು ಬೆಳೆಯದ ಮನೆ ಅಪರೂಪ. ಹಳ್ಳಿಯ ಹೆಂಗಸರು ಹಾಲೂಡಿಸಿ ಸಾಕಿದ ಆ ಮಕ್ಕಳನ್ನು ಎಲ್ಲರೂ 'ಪುಟ್ಟ ಪ್ಯಾರಿಸ್' ಎಂದೇ ಕರೆಯುತ್ತಿದ್ದರು. ಅವಳ ಅಜ್ಜನೂ ಒಬ್ಬ ಪುಟ್ಟ ಪ್ಯಾರಿಸ್.

ಕಡತದ ಸಂಖ್ಯೆ 4417. ಮಗುವಿನ ಹೆಸರು ಸೊಲಾಂಜ್ ತೆರಿಯೋ, ಹುಟ್ಟಿದ್ದು 1938ರಲ್ಲಿ. ಈಗ ಎಪ್ಪತ್ತೆಂಟರ ಆಕೆ ಹಿಂದಿನ ಗುರುವಾರ ಪತ್ರಾಗಾರಕ್ಕೆ ಬಂದು, ಜೀವನದಲ್ಲಿ ಮೊದಲ ಸಲ ತನ್ನ ಕಡತ ಬಿಚ್ಚಿದ್ದಳು. ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿದ ಹತ್ತೊಂಬತ್ತು ಹಾಳೆಗಳಿರಬೇಕಿತ್ತು. ಹನ್ನೊಂದು, ಹನ್ನೆರಡು ಇರಲಿಲ್ಲ. ಮೊದಲ ಪುಟದ ಪಟ್ಟಿಯಲ್ಲಿ ಅವು ಏನೆಂದು ಬರೆದಿತ್ತು: '11. ತಾಯಿಯ ಪತ್ರ, 3 ಮಾರ್ಚ್ 1947. 12. ಅದಕ್ಕೆ ಉತ್ತರ.'

"ಹಳೇ ಅಂಚೆಚೀಟಿ ಕಳ್ಳರ ಕೆಲಸ ಇದು," ಎಂದರು ಗ್ರಾಮೋಂ. "ಲಕೋಟೆಗಾಗಿ ಕದ್ದಿರ್ತಾರೆ."

"ಲಕೋಟೆ ಇತ್ತಾ?"

"ಪಟ್ಟಿಯಲ್ಲಿ ಇಲ್ಲ."

ಪ್ರಥಮ ವರ್ತಮಾನ ವರದಿ ದಾಖಲಾದದ್ದು ಹತ್ತೂ ಇಪ್ಪತ್ತಕ್ಕೆ. ಮರುದಿನ ಕೊರಿನ್, ಕಾನ್‌ಸ್ಟೇಬಲ್ ಫಬ್ರೀಸ್ ದ್ಯುಮೆ ಇಬ್ಬರೂ ಪತ್ರಾಗಾರಕ್ಕೆ ಹೋಗಿ ಪಂಚನಾಮೆ ಮಾಡಿದರು. ಹತ್ತನೆಯ ಹಾಳೆಗೂ ಹದಿಮೂರನೆಯ ಹಾಳೆಗೂ ನಡುವೆ ಬಿಳಿ ದಾರದ ಒಂದು ತುಂಡು ಉಳಿದಿತ್ತು. ಕಾಣೆಯಾದ ಎರಡನ್ನೂ ಒಟ್ಟಿಗೆ ಹೊಲಿದಿದ್ದ ದಾರದಿಂದ ಹರಿದು ಉಳಿದ ತುದಿ ಅದು. ಅದನ್ನು ಲಕೋಟೆಗೆ ಹಾಕಿ ಮೊಹರು ಮಾಡಿದರು. ಕೈಗೆ ಸಿಕ್ಕಿದ್ದು ಅಷ್ಟೇ.

"4417 ಕಡತವನ್ನ ಯಾರ್ಯಾರು ತರಿಸಿ ನೋಡಿದ್ದಾರೆ, ಪಟ್ಟಿ ಬೇಕು."

"ಓದುಗರ ವಿವರ ಗೋಪ್ಯ," ಎಂದರು ಗ್ರಾಮೋಂ. "ಪ್ರಾಸಿಕ್ಯೂಟರ್ ಲಿಖಿತವಾಗಿ ಕೇಳಲಿ."

"ದೂರು ಕೊಟ್ಟಿದ್ದು ನೀವೇ ಅಲ್ವಾ?"

"ಕೊಟ್ಟಿದ್ದು ನಾನೇ. ನಿಯಮ ಮಾಡಿದ್ದು ನಾನಲ್ಲ."

ಗುರುವಾರ ಪ್ರಾಸಿಕ್ಯೂಟರ್ ಕಚೇರಿಗೆ ಅರ್ಜಿ ಹೋಯಿತು. ಶುಕ್ರವಾರ ಹನ್ನೊಂದನೆಯ ತಾರೀಕು, ಮೊದಲ ಮಹಾಯುದ್ಧ ನಿಂತ ದಿನದ ರಜೆ. ಸೋಮವಾರ ಪತ್ರಾಗಾರಕ್ಕೆ ವಾರದ ರಜೆ. ಮಂಗಳವಾರ ಬಂದ ಅಧಿಕಾರಪತ್ರದಲ್ಲಿ ಕಡತದ ಸಂಖ್ಯೆ 4471 ಎಂದಾಗಿತ್ತು. ಅದನ್ನು ತಿದ್ದಿಸಿಕೊಂಡು ಬರಲು ಇನ್ನೆರಡು ದಿನ. ಹದಿನೇಳರ ಸಂಜೆ ಕೊನೆಗೂ ಪಟ್ಟಿ ಕೈಗೆ ಬಂದಾಗ ಅದರಲ್ಲಿ ಇದ್ದದ್ದು ಒಂದೇ ಹೆಸರು: ಸೊಲಾಂಜ್ ತೆರಿಯೋ.

"ಹಂಗಾದ್ರೆ ಮುದುಕಿಯೇ ಕದ್ದು ಮುದುಕಿಯೇ ಕೂಗಿಕೊಂಡ್ಳಾ?" ಎಂದ ಫಬ್ರೀಸ್.

"ಗಾಡಿ ತೆಗಿ," ಎಂದಳು ಕೊರಿನ್. ಆದರೆ ಹಳ್ಳಿ ಬೇರೆ ಪೊಲೀಸರ ಸರಹದ್ದಿನಲ್ಲಿತ್ತು. ಅವರಿಗೆ ಫೋನು, ಅವರಿಂದ ಫ್ಯಾಕ್ಸು, ಮತ್ತೆ ಫೋನು. ಗಾಡಿ ಹೊರಟಿದ್ದು ಮರುದಿನ ಮಧ್ಯಾಹ್ನ.

ವೆರ್ನೆ ಹಳ್ಳಿಯಲ್ಲಿ ಹನ್ನೆರಡು ಮನೆ. ಸೊಲಾಂಜ್ ತೆರಿಯೋ ಬಾಗಿಲು ತೆಗೆದು, ಕೊರಿನ್‌ಳ ಮುಖ ಬಿಟ್ಟು ಅವಳ ಕಿವಿಯ ಹತ್ತಿರ ನೋಡುತ್ತ ನಿಂತಳು. ನಡುವಿನ ದೃಷ್ಟಿ ಹೋಗುತ್ತಿತ್ತು. ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು.

"ನೀನೇ ಏನಮ್ಮ ಇನ್‌ಸ್ಪೆಕ್ಟರು? ದನಿ ಕೇಳಿದ್ರೆ ಶಾಲೆ ಟೀಚರಿದ್ದ ಹಾಗಿದೆ. ಬಾ, ಕೂತ್ಕೊ. ಲ್ಯುಲೂ, ಇನ್ನೆರಡು ಕಪ್ ಇಡೇ."

ಒಲೆಯ ಮುಂದೆ ಇದ್ದ ಇನ್ನೊಬ್ಬ ಮುದುಕಿ ತಿರುಗಿ ತಲೆಯಾಡಿಸಿದಳು. "ಮದಾಂ ಪೆರ್ನೋ. ಪಕ್ಕದ ಮನೆ," ಎಂದಳು ತಾನೇ. ಬಲ ಮಣಿಕಟ್ಟಿಗೆ ಸಂಧಿವಾತದ ಬಿಗಿಪಟ್ಟಿ ಸುತ್ತಿಕೊಂಡಿದ್ದಳು. ಬಾಣಲೆಯಲ್ಲಿ ಹಂದಿಕೊಬ್ಬು ಹಾಕಿದ ದಪ್ಪ ದೋಸೆಯಂಥ ಕ್ರಾಪಿಯೋ ಚುಂಯ್ ಎನ್ನುತ್ತಿತ್ತು. ಫಬ್ರೀಸ್ ಕರ್ತವ್ಯದ ಮೇಲಿದ್ದೇನೆ ಎನ್ನುತ್ತಲೇ ಎರಡು ತಿಂದ.

"ಇಷ್ಟು ವರ್ಷ ಬಿಟ್ಟು ಈಗ ಯಾಕೆ ಕಡತ ನೋಡಿದ್ರಿ?"

"ಕಣ್ಣು," ಎಂದಳು ಸೊಲಾಂಜ್. "ಬೇಸಿಗೆ ಬರೋಷ್ಟರಲ್ಲಿ ಓದೋಕಾಗಲ್ಲ ಅಂದ್ರು ಡಾಕ್ಟ್ರು. ಅಮ್ಮ ನನ್ನ ಬಿಟ್ಟು ಹೋದಳು ಅನ್ನೋದು ಗೊತ್ತು. ಹುಡುಕಿದಳಾ ಅನ್ನೋದು ಗೊತ್ತಿಲ್ಲ. ಮಗುವಿಗೆ ತಾಯಿ ಬರೆದ ಕಾಗದ ಕೊಡೋ ಪದ್ಧತಿ ಆಗ ಇರಲಿಲ್ಲಮ್ಮ. ಕಚೇರಿಯವರು ಕಡತದಲ್ಲಿ ಹಾಕಿ ಮುಚ್ಚಿಡ್ತಿದ್ರು. ಈಗ ನೋಡಿದ್ರೆ ಬರೆದಿದ್ದಾಳೆ. ತಾರೀಕಿದೆ, ನಂಬರಿದೆ. ಕಾಗದ ಇಲ್ಲ." ಮೇಜಿನ ಮೇಲೆ ಕೈಯಿಟ್ಟಳು. "ಬೇರೆಯವರು ಓದಿ ಹೇಳೋದು ಬೇಡ ನಂಗೆ. ಅವಳ ಅಕ್ಷರ ನಾನೇ ನೋಡ್ಬೇಕು. ಬೇಸಿಗೆ ಒಳಗೆ ಹುಡುಕಿಕೊಡ್ತೀಯಾ?"

"ಪ್ರಯತ್ನ ಮಾಡ್ತೀವಿ."

"ಅದು ಸರ್ಕಾರಿ ಮಾತು."

"ನಿಮ್ಮನ್ನ ಸಾಕಿದವರು?"

"ಅಮ್ಮ ಮಾರ್ತ್. ಎಂಬತ್ತೊಂದರಲ್ಲಿ ತೀರಿಕೊಂಡಳು. ಒಂದು ಏಟು ಹೊಡೆದವಳಲ್ಲ."

ಮದಾಂ ಪೆರ್ನೋ ಕಾಫಿ ಬಗ್ಗಿಸಿದಳು. ಕೊರಿನ್ ಹೆಸರು ಬರೆದುಕೊಂಡಳು: ಮಾರ್ತ್, ಸಾಕುತಾಯಿ, ಮೃತ. ಮುಂದಿನ ಪ್ರಶ್ನೆಗೆ ಹೋದಳು. ಆ ಸಾಲಿನ ಮುಂದೆ ಮನೆತನದ ಹೆಸರಿಗೆಂದು ಬಿಟ್ಟ ಜಾಗ ಖಾಲಿಯೇ ಉಳಿಯಿತು.

ವಾಪಸು ಬರುವಾಗ ಫಬ್ರೀಸ್ ಕೇಳಿದ, "ಮೇಡಂ, ಇಬ್ಬರೂ ಅಕ್ಕತಂಗಿಯರ ಹಾಗೆ ಜಗಳ ಆಡ್ತಾರಲ್ವಾ? ಸಕ್ಕರೆ ಎಷ್ಟು ಹಾಕಬೇಕು ಅನ್ನೋದಕ್ಕೂ."

"ನಿಜವಾದ ಅಕ್ಕತಂಗಿಯರು ಜಗಳ ಆಡಲ್ಲ. ಮಾತು ಬಿಡ್ತಾರೆ," ಎಂದಳು ಕೊರಿನ್. ಲಿಯೋನಿನಲ್ಲಿರುವ ತಂಗಿಯ ಜೊತೆ ಅವಳು ಮಾತಾಡಿ ಆರು ವರ್ಷವಾಗಿತ್ತು. ಅಮ್ಮನ ಬಟ್ಟೆಬೀರು ಯಾರಿಗೆ ಎಂದು ಶುರುವಾದ ಮಾತು ಎಲ್ಲಿಗೆ ಹೋಗಿ ನಿಂತಿತೆಂದು ಇಬ್ಬರಿಗೂ ಈಗ ಸರಿಯಾಗಿ ನೆನಪಿರಲಿಲ್ಲ. ಬೀರು ಮಾತ್ರ ಕೊರಿನ್‌ಳ ಗ್ಯಾರೇಜಿನಲ್ಲಿತ್ತು, ಬಾಗಿಲಿಗೆ ತಾಗುವಂತೆ. ಪ್ರತಿದಿನ ಕಾರು ತೆಗೆಯುವಾಗ ಅದಕ್ಕೆ ಬೈಯುತ್ತಿದ್ದಳು.

ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಅಂಚೆಚೀಟಿ ವ್ಯಾಪಾರಿಗಳನ್ನು ವಿಚಾರಿಸಿದರು. ಅವರಲ್ಲಿ ಒಬ್ಬ, "1947ರದ್ದಾ? ಅದನ್ನ ಕದಿಯೋಕೆ ಹುಚ್ಚು ಹಿಡಿದಿರಬೇಕು," ಎಂದು ನಕ್ಕ. ಪ್ರಾಸಿಕ್ಯೂಟರ್ ಕಚೇರಿಯಿಂದ ಫೋನು ಬಂತು: ಎರಡು ಹಾಳೆಗೆ ಎರಡು ವಾರ ಆಯಿತು, ಪ್ರಕರಣ ಮುಚ್ಚುವ ಬಗ್ಗೆ ಯೋಚಿಸಿ.

ಕೊರಿನ್‌ಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ. ಇಪ್ಪತ್ತೆರಡರ ಮಂಗಳವಾರ ಬೆಳಿಗ್ಗೆ ತಾನೇ ಪತ್ರಾಗಾರಕ್ಕೆ ಹೋಗಿ, ಕೋಟು ಚೀಲ ಎಲ್ಲ ಲಾಕರಿನಲ್ಲಿಟ್ಟು, ಓದುಗರ ಚೀಟಿ ಮಾಡಿಸಿ, ಹದಿನಾಲ್ಕನೆಯ ಮೇಜಿನಲ್ಲಿ ಕೂತಳು. ಬೇಕೆಂದೇ 4417 ಬಿಟ್ಟು, ಸುಮ್ಮನೆ 4409 ಎಂದು ಬರೆದು ಕೊಟ್ಟಳು. ಓದುವ ಕೋಣೆಯ ಉಸ್ತುವಾರಿ ಜೋಸ್ಯಾನ್ ಇಪ್ಪತ್ತು ನಿಮಿಷ ಬಿಟ್ಟು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲೆ ಇಟ್ಟಳು.

"ಇದೇನು?"

"ನೀವು ಕೇಳಿದ್ದು."

"ನಾನು ಕೇಳಿದ್ದು ಒಂದು ಕಡತ."

"ಒಂದು ಕಡತ ಅಂತ ಬರಲ್ಲ ಮೇಡಂ. ಪೆಟ್ಟಿಗೆನೇ ಬರೋದು. ನಾಲ್ಕು ಸಾವಿರದ ನಾನೂರರಿಂದ ನಾನೂರ ಇಪ್ಪತ್ತೊಂಬತ್ತರವರೆಗೆ ಇದರಲ್ಲಿ. ನಿಮ್ಮದು ತೆಗೆದು ನೋಡಿ, ಮಿಕ್ಕಿದ್ದು ಮುಟ್ಟಬೇಡಿ."

ಕೊರಿನ್ ಮುಚ್ಚಳ ತೆಗೆದಳು. ಎಂಟು ಕಡತ ಸರಿಸಿದರೆ 4417. ಯಾರೂ ಅವಳತ್ತ ನೋಡುತ್ತಿರಲಿಲ್ಲ.

ನೇರವಾಗಿ ನಿರ್ದೇಶಕರ ಕೋಣೆಗೆ ಹೋದಳು. "ಹದಿನಾಲ್ಕು ದಿನ ಆಯ್ತು ಮೊಸ್ಯೂ ಗ್ರಾಮೋಂ. ಒಂದು ಕಡತ ಕೇಳಿದ್ರೆ ಮೂವತ್ತು ಕೊಡ್ತೀರಿ ಅಂತ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದು 4417 ಯಾರು ತರಿಸಿದರು ಅಂತ," ಎಂದರು ಅವರು ಪ್ರಾಮಾಣಿಕ ಆಶ್ಚರ್ಯದಿಂದ. "ಪೆಟ್ಟಿಗೆ ಯಾರು ತರಿಸಿದರು ಅಂತ ಕೇಳಲಿಲ್ಲ."

ಈ ಸಲ ಅಧಿಕಾರಪತ್ರ ಎರಡೇ ದಿನದಲ್ಲಿ ಬಂತು. ಕೊರಿನ್‌ಳನ್ನು ಬಿಟ್ಟರೆ ಎರಡು ವರ್ಷದಲ್ಲಿ ಆ ಪೆಟ್ಟಿಗೆ ತರಿಸಿದವರು ನಾಲ್ವರು. ಒಬ್ಬ ಸತ್ತಿದ್ದ. ಒಬ್ಬಳು ಕೆನಡಾದವಳು, ಪೆಟ್ಟಿಗೆ ತರಿಸಿದ್ದು ಹೋದ ವರ್ಷ. ಮೂರನೆಯವಳು ಸೊಲಾಂಜ್. ನಾಲ್ಕನೆಯ ಹೆಸರು ಗಿಯ್ಮಾರ್ ಲ್ಯುಸೆತ್, ದಿನಾಂಕ 18 ಅಕ್ಟೋಬರ್ 2016, ಕೇಳಿದ ಕಡತ 4402, ವಿಳಾಸ ದಿಜೋನ್ ನಗರದ ಒಂದು ಬೀದಿ.

ಶುಕ್ರವಾರ ಫಬ್ರೀಸ್ ದಿಜೋನ್‌ಗೆ ಹೋದ. ಹೋಗಿಬರಲು ಐದು ಗಂಟೆ. ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಒಬ್ಬ ದಂತವೈದ್ಯ ಇದ್ದ. ಟೆಲಿಫೋನ್ ಪುಸ್ತಕದಲ್ಲಿ ಲ್ಯುಸೆತ್ ಗಿಯ್ಮಾರ್ ಇರಲಿಲ್ಲ. ಚುನಾವಣಾ ಪಟ್ಟಿಯಲ್ಲೂ ಆ ನಗರದಲ್ಲಿ ಇರಲಿಲ್ಲ.

"ಓದುಗರ ಚೀಟಿಯಲ್ಲಿ ಹೆಂಗಸರ ಹೆಸರು ಹೇಗೆ ಬರೀತೀರಿ?" ಎಂದು ಕೊರಿನ್ ಇಪ್ಪತ್ತೊಂಬತ್ತರ ಮಂಗಳವಾರ ಜೋಸ್ಯಾನ್‌ಗೆ ಫೋನು ಮಾಡಿದಳು.

"ಗುರುತಿನ ಚೀಟಿಯಲ್ಲಿ ಇದ್ದ ಹಾಗೆ. ಹುಟ್ಟುಹೆಸರು."

"ಗಂಡನ ಹೆಸರು?"

"ಅದಕ್ಕೆ ಕಾಲಂ ಇಲ್ಲ. ವಂಶ ಹುಡುಕೋರಿಗೆ ಗಂಡನ ಹೆಸರು ಯಾಕೆ ಮೇಡಂ?"

ಕೊರಿನ್ ಫೋನಿಟ್ಟು ತನ್ನ ಟಿಪ್ಪಣಿ ಪುಸ್ತಕ ತಿರುವಿದಳು. ಖಾಲಿ ಬಿಟ್ಟ ಜಾಗ ಕಣ್ಣಿಗೆ ಬಿತ್ತು. ತಾನು ಇಪ್ಪತ್ತಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ ಎಂದು ತನಗೇ ಹೇಳಿಕೊಂಡು, ವೆರ್ನೆಗೆ ಫೋನು ಹಚ್ಚಿದಳು. ಆಗ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

"ಮೇಡಂ ತೆರಿಯೋ, ನಿಮ್ಮ ಅಮ್ಮ ಮಾರ್ತ್ ಅವರ ಪೂರ್ತಿ ಹೆಸರೇನು?"

"ಮಾರ್ತ್ ಗಿಯ್ಮಾರ್. ಯಾಕಮ್ಮ, ಸಿಕ್ಕಿತಾ?"

"ಅವರಿಗೆ ಸ್ವಂತ ಮಕ್ಕಳಿದ್ರಾ?"

"ಒಬ್ಬಳೇ. ಲ್ಯುಸೆತ್, ನಮ್ಮ ಲ್ಯುಲು. ನಿಂಗೆ ಕಾಫಿ ಕೊಟ್ಟಳಲ್ಲ? ನಾನು ಬಂದಾಗ ಮೂರು ವಾರದ ಕೂಸು, ಅವಳು ಆರು ವಾರದವಳು. ಒಂದೇ ಎದೆಹಾಲು ಕುಡಿದೋರು ನಾವು. ನನ್ನ ಪಾಲೂ ಅವಳೇ ಕುಡಿದಿದಾಳೆ, ನೋಡು ಹೇಗೆ ದಪ್ಪ ಇದಾಳೆ. ಇಲ್ಲೇ ಪಕ್ಕದಲ್ಲಿ ನಿಂತಿದಾಳೆ, ಮಾತಾಡ್ತೀಯಾ?"

ಕೊರಿನ್ "ಕೊಡಿ," ಎಂದಳು.

ಫೋನು ಕೈ ಬದಲಾಯಿತು. ಉಸಿರಾಟ ಕೇಳಿಸಿತು.

"ಅಕ್ಟೋಬರ್ ಹದಿನೆಂಟಕ್ಕೆ ಪತ್ರಾಗಾರಕ್ಕೆ ಹೋಗಿದ್ರಾ?"

"ಹೌದು."

"ಅವು ನಿಮ್ಮ ಹತ್ರ ಇವೆಯಾ?"

"ಹೌದು."

"ನಾವು ಬರ್ತೀವಿ. ಮನೆಯಲ್ಲೇ ಇರಿ."

"ಬೇಡ. ಊರೊಳಗೆ ನಿಮ್ಮ ಗಾಡಿ ಬೇಡ. ಇವಳನ್ನೂ ಕರ್ಕೊಂಡು ನಾನೇ ಬರ್ತೀನಿ," ಎಂದು, ಯಾರಿಗೋ ತರಕಾರಿ ತರುವ ಮಾತಾಡಿದಷ್ಟು ಸಲೀಸಾಗಿ ಹೇಳಿ ಫೋನಿಟ್ಟಳು.

ನಲವತ್ತು ನಿಮಿಷದ ದಾರಿ. ಒಲೆಗೆ ಎರಡು ಹಾಳೆ ಹಾಕಲು ಅರ್ಧ ನಿಮಿಷ ಸಾಕು. ಕೊರಿನ್ ಕಿಟಕಿಗೂ ಬಾಗಿಲಿಗೂ ನಡುವೆ ಅಡ್ಡಾಡಿದಳು. ಮೂರು ಗಂಟೆ ಆಯಿತು. ಮೂರೂ ಕಾಲು. "ಹೋಗಿ ಹಿಡಿಯೋಣ ಮೇಡಂ," ಎಂದ ಫಬ್ರೀಸ್. ಅವಳು ಕೀಲಿ ಕೈಗೆತ್ತಿಕೊಂಡಾಗ ಒಂದು ಬೂದು ಬಣ್ಣದ ಸಣ್ಣ ಕಾರು ಅಂಗಳಕ್ಕೆ ಬಂದು, ಅಂಗವಿಕಲರ ಜಾಗದಲ್ಲಿ ನಿಂತಿತು.

"ಸೇತುವೆಯಿಂದ ಇಲ್ಲಿವರೆಗೂ ಮರದ ಲಾರಿ ಮುಂದೆ," ಎಂದಳು ಸೊಲಾಂಜ್ ಇಳಿಯುತ್ತ. "ಇವಳು ಓವರ್‌ಟೇಕ್ ಮಾಡೋ ಜಾತಿ ಅಲ್ಲ. ದಾರಿಯುದ್ದಕ್ಕೂ ತುಟಿ ಬಿಚ್ಚಿಲ್ಲ. ಏನಮ್ಮ ವಿಷ್ಯ?"

ಅವಳನ್ನು ಬೆಂಚಿನ ಮೇಲೆ ಕೂರಿಸಿ, ಲ್ಯುಸೆತ್‌ಳನ್ನು ಒಳಗೆ ಕರೆದರು. ಅವಳು ಚೀಲದಿಂದ ಒಂದು ಇಸ್ತ್ರಿ ಮಾಡಿದ ಮೇಜುಬಟ್ಟೆ ತೆಗೆದು ಬಿಚ್ಚಿದಳು. ನಡುವೆ ಎರಡು ಹಾಳೆಗಳು, ಮೂಲೆಯಲ್ಲಿ ಬಿಳಿ ದಾರ.

"ಹೊರಗೆ ಹೇಗೆ ತಂದ್ರಿ?"

ಲ್ಯುಸೆತ್ ಮಣಿಕಟ್ಟಿನ ಪಟ್ಟಿ ತೋರಿಸಿದಳು. "ಇದರೊಳಗೆ ಸುತ್ತಿ. ಮುದುಕಿಯ ಕೈ ಯಾರು ನೋಡ್ತಾರೆ?"

"4402 ಯಾಕೆ ಕೇಳಿದ್ರಿ?"

"ಅದು ನಮ್ಮೂರಿನ ಇನ್ನೊಬ್ಬ ಹುಡುಗನದ್ದು. ಒಂದೇ ಪೆಟ್ಟಿಗೆ ಅಂತ ಗೊತ್ತಿತ್ತು. ವಿಳಾಸ ಬದಲಾಗಿದೆ ಅಂತ ದಿಜೋನಿನದ್ದು ಸುಳ್ಳೇ ಬರೆಸಿದೆ. ಅಲ್ಲಿನ ಹಳೇ ಓದುಗರಲ್ಲಿ ನಾನೂ ಒಬ್ಬಳು. ನಿವೃತ್ತಿಯಾದ ಮೇಲೆ ಊರವರ ವಂಶವೆಲ್ಲ ಹುಡುಕಿ ಕೊಟ್ಟಿದೀನಿ. ಅವಳದ್ದು ಮಾತ್ರ, ಇವತ್ತು ನಾಳೆ ಅಂತ ಮುಂದೆ ಹಾಕ್ತಾ ಬಂದೆ. ಕಣ್ಣಿನ ವಿಷಯ ಬಂದ ಮೇಲೆ ಅವಳು ಕೇಳಲಿಲ್ಲ. ತಾನೇ ಅರ್ಜಿ ಹಾಕಿದಳು."

"ಇವುಗಳಲ್ಲಿ ಏನಿದೆ?"

"ಓದಿ."

ಮೊದಲನೆಯದು ಮೂರು ಮಡಿಕೆಯ ಅಗ್ಗದ ಕಾಗದ. ಹೆಸರು ಇವೆತ್ ತೆರಿಯೋ. ನಾನು ಮದುವೆಯಾಗಿದ್ದೇನೆ, ಗಂಡನಿಗೆ ಎಲ್ಲ ತಿಳಿದಿದೆ, ಬೇಡ ಎನ್ನುವುದಿಲ್ಲ. ಕಿಟಕಿಯ ಕೆಳಗೆ ಮಂಚ ಹಾಕಿ ನೋಡಿದ್ದೇನೆ, ಹಿಡಿಸುತ್ತದೆ. ಬೂಟು ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ದಯವಿಟ್ಟು ಮಗುವಿನ ಪಾದದ ಅಳತೆ ಕಳುಹಿಸಿ.

ಎರಡನೆಯದು ಶಾಲೆಯ ಗೆರೆಪುಸ್ತಕದ ಹಾಳೆ. ಮಗುವಿನ ಇಷ್ಟವನ್ನು ಅದರ ಕೈಯಲ್ಲೇ ಬರೆಸಿ ಕಳುಹಿಸಿ ಎಂದು ಕಚೇರಿಯವರು ಕೇಳಿದ್ದಕ್ಕೆ ಬಂದ ಉತ್ತರ. ದುಂಡನೆಯ ಅಕ್ಷರ, ಮೂರು ಸಾಲು. 'ನನಗೆ ಪ್ಯಾರಿಸ್ ಬೇಡ. ನನಗೆ ಅಮ್ಮ ಇಲ್ಲಿದ್ದಾಳೆ. ಇನ್ನು ಬರೆಯಬೇಡಿ. ಸೊಲಾಂಜ್.'

ಕಡತದಲ್ಲಿ ಅದಾದ ಮೇಲಿನ ಏಳು ಹಾಳೆಗಳನ್ನು ಕೊರಿನ್ ನೋಡಿದ್ದಳು. ಲಸಿಕೆ, ಶಾಲೆ, ಲಸಿಕೆ. ತಾಯಿಯ ಇನ್ನೊಂದು ಪತ್ರ ಇರಲಿಲ್ಲ.

"ಇದನ್ನ ಬರೆದದ್ದು ಅವರಲ್ಲ," ಎಂದಳು.

"ಅವಳಿಗೆ ನಾಯಿಕೆಮ್ಮು. ಅಟ್ಟದಲ್ಲಿ ಮಲಗಿದ್ದಳು. ಅಮ್ಮ ಮೇಜಿನ ಮುಂದೆ ಅಳ್ತಾ ಕೂತಿದ್ದಳು. ನಂಗೆ ಒಂಬತ್ತು ವರ್ಷ."

"ನಿಮ್ಮ ತಾಯಿ ಹೇಳಿ ಬರೆಸಿದ್ರಾ?"

ಲ್ಯುಸೆತ್ ಮೇಜುಬಟ್ಟೆಯನ್ನು ಮತ್ತೆ ನಾಲ್ಕಾಗಿ ಮಡಿಸಿದಳು. ಗೋಡೆಯ ಗಡಿಯಾರದಲ್ಲಿ ಮೂರೂ ಐವತ್ತು.

"ಹೌದು ಅಂದ್ರೆ ನಡೆಯುತ್ತೆ, ಅಲ್ವಾ? ಅಮ್ಮ ಸತ್ತು ಮೂವತ್ತೈದು ವರ್ಷ ಆಯ್ತು. ಅವಳಿಗೇನೂ ಆಗಲ್ಲ." ತಲೆ ಅಲ್ಲಾಡಿಸಿದಳು. "ಅಮ್ಮ, ಮಗು ಹೋಗಬೇಕು ಅಂತಿದ್ರೆ ಹೋಗಲಿ, ಅವಳಿಗೆ ಹುಷಾರಾದ ಮೇಲೆ ಕೇಳೋಣ ಅಂದಳು. ಕೊಟ್ಟಿಗೆಗೆ ಹೋದಳು. ಆಗ ನಾನು ಬರೆದೆ. ನಾನೇ ಲಕೋಟೆಗೆ ಹಾಕಿ ಅಂಟಿಸಿ, ಸೊಲಾಂಜ್ ಎದ್ದು ಬಂದು ಬರೆದಳು ಅಂದೆ. ಅಮ್ಮ ನಂಬಿದಳೋ, ನಂಬಬೇಕು ಅಂತ ನಂಬಿದಳೋ, ನಾನು ಕೇಳಲಿಲ್ಲ."

"ಸುಡಬಹುದಿತ್ತಲ್ಲ."

"ನನ್ನದನ್ನ ಮಾತ್ರ ಸುಡೋಣ ಅಂತ ಕತ್ತರಿ ಹಿಡಿದು ಕೂತೆ. ದಾರ ಕತ್ತರಿಸೋಕೆ ಆಗಲಿಲ್ಲ. ಯಾಕೆ ಅಂತ ಕೇಳಬೇಡಿ, ನಂಗೂ ಗೊತ್ತಿಲ್ಲ."

ನಾಲ್ಕು ಗಂಟೆ ಐದು ನಿಮಿಷಕ್ಕೆ ಲ್ಯುಸೆತ್ ಪೆರ್ನೋ, ಹುಟ್ಟುಹೆಸರು ಗಿಯ್ಮಾರ್, ಬಂಧನದಲ್ಲಿದ್ದಾಳೆ ಎಂದು ನಮೂದಾಯಿತು. ಹಾಳೆಗಳನ್ನು ಮೊಹರು ಮಾಡಿ ನ್ಯಾಯಾಲಯಕ್ಕೆ ಕಳಿಸಿ ಎಂದರು ಪ್ರಾಸಿಕ್ಯೂಟರ್ ಫೋನಿನಲ್ಲಿ. ಹಾಳೆಗಳು ವಾಪಸು ಸಿಗುವುದು ಯಾವಾಗ ಎಂದು ಕೊರಿನ್ ಕೇಳಿದ್ದಕ್ಕೆ, ವಿಚಾರಣೆ ಮುಗಿದ ಮೇಲೆ, ಎಂಟು ತಿಂಗಳೋ ಹತ್ತು ತಿಂಗಳೋ ಎಂದರು.

ಬೇಸಿಗೆ ಅದಕ್ಕೂ ಮೊದಲೇ ಬರುತ್ತದೆ. ಕೊರಿನ್ ಫೋನಿಟ್ಟು ಕಾನೂನು ಪುಸ್ತಕ ತೆಗೆಯದೆಯೇ ಫಬ್ರೀಸ್‌ಗೆ ಹೇಳಿದಳು, "ಮೊಹರು ಮಾಡುವ ಮೊದಲು ವಸ್ತುವನ್ನ ಗುರುತಿಸುವ ಪಂಚನಾಮೆ ಆಗಬೇಕು. ಸಾಕ್ಷಿ ಹೊರಗೆ ಬೆಂಚಿನ ಮೇಲಿದಾರೆ. ದೀಪ ಹತ್ತಿರ ತಾ."

ಸೊಲಾಂಜ್ ಭೂತಗನ್ನಡಿಯನ್ನು ಒಂದು ಬದಿಗೆ ಓರೆಯಾಗಿ ಹಿಡಿದು, ತಲೆ ವಾಲಿಸಿ, ಒಂದೊಂದೇ ಪದ ಓದಿದಳು. ಒಂದು ಪುಟಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಪಾದದ ಅಳತೆಯ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಎರಡನೆಯ ಹಾಳೆ ತಿರುವಿದಳು. ಭೂತಗನ್ನಡಿ ಎತ್ತಲಿಲ್ಲ. ಹಾಳೆಯನ್ನು ದೀಪಕ್ಕೆ ತುಸು ಓರೆ ಮಾಡಿ, ಕಣ್ಣಂಚಿನಿಂದ ನೋಡಿ ಕೆಳಗಿಟ್ಟಳು.

"ಈ ಅಕ್ಷರ ಓದೋದೇ ಬೇಕಿಲ್ಲ," ಎಂದಳು. "ಎಪ್ಪತ್ತು ವರ್ಷದಿಂದ ನನ್ನ ಮನೆಯ ಸಾಮಾನು ಪಟ್ಟಿ ಇದೇ ಅಕ್ಷರದಲ್ಲಿ ಇರೋದು."

ಸಹಿ ಹಾಕಿದಳು. ಎದ್ದಳು. ಹೊರಗೆ ಹೋಗಿ ಮತ್ತೆ ಅದೇ ಬೆಂಚಿನ ಮೇಲೆ ಕೂತಳು.

"ದೂರು ವಾಪಸು ತಗೊಳ್ಳೋದು ನಿಮ್ಮ ಕೈಯಲ್ಲಿಲ್ಲ," ಎಂದು ಕೊರಿನ್ ಮೆಲ್ಲಗೆ ಹೇಳಿದಳು. "ಅದು ಪತ್ರಾಗಾರದ್ದು."

"ಕೇಳಿದೆನಾ ನಾನು?"

ಸಮನ್ಸ್ ಕೊಟ್ಟು ಲ್ಯುಸೆತ್‌ಳನ್ನು ಸಂಜೆಯೇ ಬಿಡುತ್ತಾರೆಂದು ಫಬ್ರೀಸ್ ಸಮಾಧಾನ ಹೇಳಿದ. ಬೇಕಾದರೆ ಇಲಾಖೆಯ ಗಾಡಿಯಲ್ಲಿ ಈಗಲೇ ಮನೆ ಮುಟ್ಟಿಸುತ್ತೇನೆ ಎಂದ.

"ಬೇಡಪ್ಪ. ಅವಳು ಬರಲಿ."

"ಕ್ಷಮಿಸಿಬಿಟ್ರಾ ಅಜ್ಜಿ?"

"ಯಾರು ಹೇಳಿದ್ದು? ನನ್ನ ಅಮ್ಮ ಅಲ್ಲಿ ಮಂಚ ಹಾಕ್ಕೊಂಡು ಕೂತಿದ್ದಳು." ಸೊಲಾಂಜ್ ಕೋಟಿನ ಗುಂಡಿಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದಳು. "ಬೈಯೋಕೆ ಅವಳೇ ಬೇಕು ನಂಗೆ. ಬೇರೆ ಯಾರಿಗೆ ಬೈಲಿ? ಅಮ್ಮ ಮಾರ್ತ್ ಅಡುಗೆಮನೆ ಹೇಗಿತ್ತು ಅಂತ ಇನ್ನು ಯಾರಿಗೆ ಗೊತ್ತಿದೆ?"

ಒಳಗೆ ಕೊರಿನ್ ಕಂಪ್ಯೂಟರಿನ ಮುಂದೆ ಕೂತು ವರದಿ ಮುಗಿಸುತ್ತಿದ್ದಳು. ಅಪರಾಧದ ಉದ್ದೇಶ ಎಂಬಲ್ಲಿ ಆರಿಸಿಕೊಳ್ಳಲು ನಾಲ್ಕು ಇದ್ದವು: ಹಣ, ದ್ವೇಷ, ಚಟ, ಇತರೆ. ಇತರೆ ಎಂದು ಒತ್ತಿದಳು. ವಿವರ ಕೊಡಿ ಎಂದು ಒಂದು ಕಿರಿದಾದ ಚೌಕ ತೆರೆದುಕೊಂಡಿತು. ಅವಳು ಬರೆದದ್ದು ಅದರಲ್ಲಿ ಹಿಡಿಸಲಿಲ್ಲ. ಅಳಿಸಿ ಇನ್ನೊಂದು ರೀತಿ ಬರೆದಳು. ಅದೂ ಹಿಡಿಸಲಿಲ್ಲ. ಯಂತ್ರ ಕೆಂಪು ಗೆರೆ ತೋರಿಸುತ್ತಲೇ ಇತ್ತು. ಐದೂ ಮುಕ್ಕಾಲಿಗೆ, ಒಂಬತ್ತು ವರ್ಷದವಳನ್ನೂ ಎಪ್ಪತ್ತೆಂಟರವಳನ್ನೂ ಒಂದೇ ಚೌಕಕ್ಕೆ ತುರುಕುವ ಹಟ ಬಿಟ್ಟು, ಹಿಡಿಸುವಷ್ಟನ್ನೇ ಬರೆದು ಕಳುಹಿಸಿದಳು:

'ಒಬ್ಬಳೇ ಉಳಿಯುವ ಭಯ.'